ಹೊಲಿದ ಜಠರವೂ ಉಬ್ಬುತ್ತದೆ

ಜಠರ ತಿರುಚಿಕೊಳ್ಳದಂತೆ ಅದನ್ನು ಹೊಟ್ಟೆಯ ಗೋಡೆಗೆ ಹೊಲಿಯುವ ಶಸ್ತ್ರಚಿಕಿತ್ಸೆ, ಅಂದರೆ ಗ್ಯಾಸ್ಟ್ರೋಪೆಕ್ಸಿ, ಆದ ನಾಯಿಗೂ ಹೊಟ್ಟೆ ಉಬ್ಬುತ್ತದೆ. ಈ ಒಂದು ಮಾತನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಮೊದಲೇ ಸ್ಪಷ್ಟವಾಗಿ ಹೇಳಿ ಕಳುಹಿಸಿದ್ದರಿಂದಲೇ ಮಳೆಗಾಲದ ಆರಂಭದ ಒಂದು ಸಂಜೆ ನಮ್ಮ ಬೊಳ್ಳಿ ಉಳಿಯಿತು ಎಂದು ನಾನು ನಂಬಿದ್ದೇನೆ. ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ ಆಗಿದೆ, ಇನ್ನು ಹೆದರಬೇಕಾದ್ದಿಲ್ಲ ಎಂದು ತಿಳಿದಿರುವ ದೊಡ್ಡ ನಾಯಿಗಳ ಯಜಮಾನರು ಉಡುಪಿ, ಮಂಗಳೂರು ಭಾಗದಲ್ಲೇ ಹಲವರು ನನಗೆ ಸಿಕ್ಕಿದ್ದಾರೆ. ಆದ್ದರಿಂದ ನಾವು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಬೊಳ್ಳಿ ಬೂದಿ ಬಣ್ಣದ ಗ್ರೇಟ್ ಡೇನ್ ಹೆಣ್ಣು. ಕಾಪುವಿನ ನಮ್ಮ ಮನೆಗೆ ಬೆಂಗಳೂರಿನಿಂದ ಮರಿಯಾಗಿ ಬಂದದ್ದು. ಅದಕ್ಕೆ ವರ್ಷ ತುಂಬುವ ಹೊತ್ತಿಗೆ, ಅದರ ತಾಯಿ ಒಂದು ರಾತ್ರಿ ಹೊಟ್ಟೆಯುಬ್ಬಿ, ಜಠರ ತಿರುಚಿಕೊಂಡು ಸತ್ತಿತು ಎಂಬ ಸುದ್ದಿ ಮರಿ ಕೊಟ್ಟವರಿಂದಲೇ ಬಂತು. ಇಂಥ ಕಾಯಿಲೆಯೊಂದಿದೆ ಎಂದು ನಮಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ವಿಚಾರಿಸುತ್ತಾ ಹೋದಂತೆ ಆತಂಕ ಹೆಚ್ಚಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಗ್ಲಿಕ್‌ಮನ್ ಮತ್ತು ಸಂಗಡಿಗರು ದೊಡ್ಡ ತಳಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪಾಯವನ್ನು ಹೆಚ್ಚಿಸುವ ಸಂಗತಿಗಳೆಂದು ಕಂಡುಬಂದವು ಏರುವ ವಯಸ್ಸು, ಗಬಗಬನೆ ತಿನ್ನುವ ಅಭ್ಯಾಸ, ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟ ಊಟದ ಬಟ್ಟಲು ಮತ್ತು ತಂದೆ, ತಾಯಿ, ಒಡಹುಟ್ಟುಗಳಲ್ಲಿ ಯಾವುದಕ್ಕಾದರೂ ಈ ಕಾಯಿಲೆ ಬಂದಿರುವುದು. 2003ರ ಇನ್ನೊಂದು ಲೆಕ್ಕಾಚಾರದ ಪ್ರಕಾರ ಗ್ರೇಟ್ ಡೇನ್ ನಾಯಿಯೊಂದಕ್ಕೆ ಜೀವಮಾನದಲ್ಲಿ ಈ ಕಾಯಿಲೆ ಬರುವ ಸಂಭವ ಸುಮಾರು ಶೇಕಡ 37. ಮೂರು ನಾಯಿಗಳಲ್ಲಿ ಒಂದಕ್ಕಿಂತ ಹೆಚ್ಚು. ಅದೇ ಲೆಕ್ಕಾಚಾರದಲ್ಲಿ ಮುಂಜಾಗ್ರತೆಯ ಗ್ಯಾಸ್ಟ್ರೋಪೆಕ್ಸಿಯಿಂದ ಈ ಕಾಯಿಲೆಯ ಸಾವು ಗ್ರೇಟ್ ಡೇನ್‌ಗಳಲ್ಲಿ ಇಪ್ಪತ್ತೊಂಬತ್ತು ಪಟ್ಟಿಗೂ ಹೆಚ್ಚು ತಗ್ಗುತ್ತದೆ ಎಂದಿತ್ತು. ತಾಯಿಯೇ ಹೀಗೆ ಹೋಗಿರುವಾಗ ಮಗಳ ವಿಷಯದಲ್ಲಿ ಚರ್ಚೆಗೆ ಹೆಚ್ಚು ಅವಕಾಶವಿರಲಿಲ್ಲ.

ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಹೇಗೂ ಮಾಡಿಸಬೇಕಿತ್ತು. ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿಯಲಿ ಎಂದು ಮಂಗಳೂರಿನ ಖಾಸಗಿ ಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ಜನವರಿಗೆ ಸಮಯ ತೆಗೆದುಕೊಂಡೆವು. ಜನವರಿಯನ್ನೇ ಆರಿಸಿದ್ದಕ್ಕೆ ಕಾರಣ ಹವೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹೊಟ್ಟೆಯ ಮೇಲಿನ ಗಾಯವನ್ನು ಒಣಗಿಸಿ ಇಡುವುದು ಮನುಷ್ಯರಿಗೇ ಕಷ್ಟ.

ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ನಾಯಿಯ ಜಠರಕ್ಕೆ ಎರಡು ತುದಿಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಹಿಡಿತವಿದೆ. ನಡುವಿನ ಚೀಲ ಸಡಿಲ. ಅದರಲ್ಲಿ ಗಾಳಿ ತುಂಬಿದಾಗ, ಆಳವಾದ ಎದೆಗೂಡಿನ ನಾಯಿಗಳಲ್ಲಿ, ಕರುಳಿನ ಕಡೆಯ ತುದಿ ಬಲದಿಂದ ಎಡಕ್ಕೆ ದಾಟಿಹೋಗಿ ಇಡೀ ಚೀಲ ತಿರುಗಿಬಿಡುತ್ತದೆ. ಆಗ ಮೇಲಿನ ಬಾಗಿಲೂ ಕೆಳಗಿನ ಬಾಗಿಲೂ ಮುಚ್ಚುತ್ತವೆ, ಜಠರಕ್ಕೆ ಅಂಟಿಕೊಂಡಿರುವ ಗುಲ್ಮವೂ ಜೊತೆಗೆ ಎಳೆಯಲ್ಪಡುತ್ತದೆ, ರಕ್ತನಾಳಗಳು ಹಿಂಡಿಹೋಗುತ್ತವೆ. ಗ್ಯಾಸ್ಟ್ರೋಪೆಕ್ಸಿಯಲ್ಲಿ ಮಾಡುವುದಿಷ್ಟೆ: ಜಠರದ ಆ ತುದಿಯ ಹೊರಪದರದಲ್ಲಿ ಒಂದು ಸೀಳು, ಬಲಗಡೆಯ ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆಯ ಗೋಡೆಯ ಒಳಗಿನ ಸ್ನಾಯುವಿನಲ್ಲಿ ಇನ್ನೊಂದು ಸೀಳು, ಎರಡನ್ನೂ ಸೇರಿಸಿ ಹೊಲಿಗೆ. ಕೆಲವು ವಾರಗಳಲ್ಲಿ ಅಲ್ಲಿ ಗಟ್ಟಿಯಾದ ಬೆಸುಗೆ ಬೆಳೆಯುತ್ತದೆ. "ತಿರುಚಿಕೊಳ್ಳುವುದನ್ನು ನಾನು ತಡೆಯಬಲ್ಲೆ. ಗಾಳಿ ತುಂಬುವುದನ್ನು ತಡೆಯುವ ಆಪರೇಷನ್ ಇಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು," ಎಂದು ಅವರು ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಚೆನ್ನಾಗಿಯೇ ಆಯಿತು. ಎರಡು ವಾರ ಮೆಟ್ಟಿಲು ಹತ್ತದಂತೆ, ಸೋಫಾದ ಮೇಲೆ ಹಾರದಂತೆ ನೋಡಿಕೊಂಡೆವು; ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿದ ಗ್ರೇಟ್ ಡೇನ್ ಒಂದು ಸಣ್ಣ ಮನೆಯಲ್ಲಿ ಎಷ್ಟು ವಸ್ತುಗಳನ್ನು ಉರುಳಿಸಬಲ್ಲದು ಎಂಬುದು ಆಗ ತಿಳಿಯಿತು. ಊಟವನ್ನು ಸಣ್ಣ ಸಣ್ಣ ಪಾಲುಗಳಾಗಿ ಕೊಟ್ಟೆವು. ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಲೆ ಅಮ್ಮ ತೆಂಗಿನಕಾಯಿ ಒಡೆದರು.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಆಳವಾದ ಎದೆಯ ನಾಯಿಗಳಲ್ಲಿ ಜಠರದ ಬಹುಭಾಗ ಪಕ್ಕೆಲುಬುಗಳ ಮರೆಯಲ್ಲಿರುವುದರಿಂದ ಉಬ್ಬರ ಸಾಕಷ್ಟು ಮುಂದುವರಿಯುವ ತನಕ ಹೊರಗೆ ಕಾಣದೆಯೇ ಇರಬಹುದು. ಉಬ್ಬಿದೆಯೇ ಇಲ್ಲವೇ ಎಂದು ನಿರ್ಧರಿಸಬೇಕಾದರೆ ಉಬ್ಬದಿದ್ದಾಗ ಹೇಗಿತ್ತು ಎಂದು ಗೊತ್ತಿರಬೇಕಲ್ಲವೇ? ನನ್ನ ಹೆಂಡತಿ ಹೊಲಿಗೆಯ ಟೇಪನ್ನು ತಂದು, ಕೊನೆಯ ಪಕ್ಕೆಲುಬಿನ ಹಿಂದೆ ಬೊಳ್ಳಿಯ ಹೊಟ್ಟೆಯ ಸುತ್ತಳತೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಊಟವಾದ ಅರ್ಧ ಗಂಟೆಯಲ್ಲಿ, ರಾತ್ರಿ ಮಲಗುವ ಮುಂಚೆ ಅಳೆದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದಳು. ಬರಿಹೊಟ್ಟೆಯಲ್ಲಿ 78 ಸೆಂಟಿಮೀಟರ್ ಆಸುಪಾಸು, ಊಟವಾದ ಮೇಲೆ 81 ಅಥವಾ 82. ಹಿಂಗಾಲಿನ ತೊಡೆಯ ಒಳಬದಿಯಲ್ಲಿ ಬೆರಳಿಟ್ಟು ನಾಡಿ ಎಣಿಸುವುದನ್ನು ವೈದ್ಯರಿಂದಲೇ ಕಲಿತೆವು. ಇಷ್ಟು ದೊಡ್ಡ ನಾಯಿ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ನೂರನ್ನು ದಾಟಬಾರದು. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡಿನ ನಿಜವಾದ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿಟ್ಟುಕೊಂಡಿರುವುದು ಒಳ್ಳೆಯದು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ನಾಯಿಗಳ ಒಸಡೂ ಬಿಳಿಚಿದಂತೆಯೇ ತೋರುತ್ತದೆ.

ಊಟದ ಕ್ರಮವನ್ನೂ ಬದಲಿಸಿದೆವು. ನಮ್ಮಲ್ಲಿ ನಾಯಿಗೆ ರಾತ್ರಿಯೊಮ್ಮೆ ಕುಚ್ಚಲಕ್ಕಿ ಅನ್ನ, ಬೂತಾಯಿ ಸಾರು ಕಲಸಿ ಒಂದು ದೊಡ್ಡ ಬೋಗುಣಿಯ ತುಂಬ ಹಾಕುವುದು ಹಳೆಯ ರೂಢಿ. ಅದನ್ನು ದಿನಕ್ಕೆ ಮೂರು ಸಣ್ಣ ಊಟಗಳಾಗಿ ಹಂಚಿದೆವು. ಬಟ್ಟಲನ್ನು ನೆಲದ ಮೇಲೆಯೇ ಇಟ್ಟೆವು. ದೊಡ್ಡ ನಾಯಿಗಳ ಕುತ್ತಿಗೆಗೆ ಆರಾಮ ಎಂದು ಮಾರುವ ಎತ್ತರದ ಸ್ಟ್ಯಾಂಡೊಂದನ್ನು ಮರಿ ತಂದ ಹೊಸದರಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದರು, ಈಗ ಅದರ ಮೇಲೆ ತುಳಸಿ ಕುಂಡ ಇದೆ. ಊಟದ ಮುಂಚೆ ಮತ್ತು ನಂತರ ಒಂದು ಗಂಟೆ ಓಡಿಸಬಾರದು ಎಂಬ ನಿಯಮವನ್ನೂ ಪಾಲಿಸುತ್ತೇವೆ. ಈ ನಿಯಮಕ್ಕೆ ಆಧಾರ ಅಷ್ಟೇನೂ ಗಟ್ಟಿಯಿಲ್ಲವೆಂದು ಓದಿದ ಮೇಲೂ ಬಿಟ್ಟಿಲ್ಲ, ಪಾಲಿಸುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಇಲ್ಲಿ ಅಮ್ಮನ ಬಗ್ಗೆ ಒಂದು ಮಾತು. ಅವರು ಹಟ್ಟಿಯಲ್ಲಿ ದನ ಕಟ್ಟಿ ಬೆಳೆದವರು. ಹಸುವಿನ ಹೊಟ್ಟೆಯುಬ್ಬರ ಅವರಿಗೆ ಚಿಕ್ಕಂದಿನಿಂದ ಗೊತ್ತು. ಎಳೆಯ ಹುಲ್ಲು ತಿಂದು ಎಡಮಗ್ಗುಲು ಏರಿದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. "ನಾಯಿಗೂ ಹಾಗೇ ಒಂದು ಕುಡ್ತೆ ಎಣ್ಣೆ ಹಾಕಿದರೆ ಆಗುದಿಲ್ವಾ?" ಎಂದು ಕೇಳಿದರು. ಆಗುವುದಿಲ್ಲ. ದನದ ಮೊದಲ ಹೊಟ್ಟೆಯಲ್ಲಿ ನೊರೆಯಾಗಿ ಸಿಕ್ಕಿಕೊಂಡ ಗಾಳಿಯನ್ನು ಎಣ್ಣೆ ಒಡೆಯುತ್ತದೆ, ಅದು ತೇಗಾಗಿ ಹೊರಬರುತ್ತದೆ. ನಾಯಿಯ ಉಬ್ಬರದಲ್ಲಿ ಇರುವುದು ಹೆಚ್ಚಾಗಿ ಬಿಡಿ ಗಾಳಿ; ಅದಕ್ಕೆ ಹೊರದಾರಿಯೇ ಮುಚ್ಚಿರುತ್ತದೆ. ಓಕರಿಸುತ್ತಿರುವ ನಾಯಿಯ ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ಮನುಷ್ಯರ ಗ್ಯಾಸಿನ ಔಷಧದಲ್ಲಿರುವ ಸಿಮೆಥಿಕೋನ್ ಕೂಡ ಮಾಡುವುದು ನೊರೆ ಒಡೆಯುವ ಕೆಲಸವನ್ನೇ. ಅದನ್ನು ಕೊಟ್ಟು ಕಾಯುತ್ತಾ ಕುಳಿತರೆ ಸಮಯ ಹೋಗುತ್ತದೆ.

ಜೂನ್ ತಿಂಗಳಲ್ಲಿ ಮೊದಲ ಮಳೆಯ ಗಾಳಿಗೆ ಹಿತ್ತಿಲಿನ ಹಲಸಿನ ಮರದಿಂದ ಹಣ್ಣುಗಳು ಉದುರತೊಡಗಿದವು. ಬಾವಿಯ ಹಿಂದೆ ಬಿದ್ದು ಒಡೆದ ಹಣ್ಣೊಂದನ್ನು ಬೊಳ್ಳಿ ಮಧ್ಯಾಹ್ನದ ಹೊತ್ತು ತೊಳೆ, ಶಾಡೆ ಎನ್ನದೆ ತಿಂದಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ, ಉಳಿದ ಸಿಪ್ಪೆಯಿಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಜಗಲಿಯಲ್ಲಿ ಮಲಗುವುದು, ಏಳುವುದು, ಇನ್ನೊಂದು ಮೂಲೆಗೆ ಹೋಗಿ ಮತ್ತೆ ಮಲಗುವುದು ಮಾಡುತ್ತಿತ್ತು. ತಿರುಗಿ ತನ್ನ ಹೊಟ್ಟೆಯ ಕಡೆ ನೋಡುತ್ತಿತ್ತು. ಬಾಯಿಯಿಂದ ಎಳೆ ಎಳೆಯಾಗಿ ಜೊಲ್ಲು. ನಾವು ಓದಿಕೊಂಡಿದ್ದ ಭಯಾನಕ ಲಕ್ಷಣ, ಮತ್ತೆ ಮತ್ತೆ ಓಕರಿಸಿಯೂ ಏನೂ ಬಾರದಿರುವುದು, ಪೂರ್ತಿಯಾಗಿ ಕಾಣಲಿಲ್ಲ. ಒಮ್ಮೆ ಓಕರಿಸಿದಾಗ ಬಿಳಿ ನೊರೆಯೊಂದಿಗೆ ಒಂದೆರಡು ನಾರು ಬಂದವು. ಪಕ್ಕದ ಮನೆಯ ಶೆಟ್ರು ನೋಡಿ, "ವಾಂತಿ ಬಂತಲ್ಲ, ಇನ್ನು ಸಮ ಆಗ್ತದೆ. ಅದಕ್ಕೆ ಆಪರೇಷನ್ ಬೇರೆ ಆಗಿದೆ, ನಿಮಗೆಂತ ಹೆದರಿಕೆ ಮಾರಾಯ್ರೇ?" ಎಂದರು.

ಆಪರೇಷನ್ ಆದ ನಾಯಿಯಲ್ಲಿ ಚಿತ್ರ ಹೀಗೆ ಅಸ್ಪಷ್ಟವಾಗಿರಬಹುದು ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಜಠರ ತಿರುಚಿಲ್ಲದಿದ್ದರೆ ಬಾಗಿಲು ಪೂರ್ತಿ ಮುಚ್ಚಿರಲೇಬೇಕೆಂದಿಲ್ಲ. ಒಂದಿಷ್ಟು ನೊರೆ ಬರಬಹುದು, ಒಂದು ತೇಗೂ ಬರಬಹುದು, ನಾಯಿ ಬಾಲ ಆಡಿಸಲೂಬಹುದು. ಪುಸ್ತಕದ ಲಕ್ಷಣಗಳೆಲ್ಲ ಒಟ್ಟಿಗೆ ಕಾಣಿಸಲಿ ಎಂದು ಕಾದರೆ, ತಿರುಚದೆಯೇ ಬಿಗಿದ ಜಠರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ವಪೆ ಮೇಲಕ್ಕೆ ತಳ್ಳಲ್ಪಟ್ಟು ಉಸಿರು ಗಿಡ್ಡವಾಗುತ್ತದೆ, ಜಠರದ ಗೋಡೆಗೇ ರಕ್ತ ಸಾಲದಾಗುತ್ತದೆ. ಜೊತೆಗೆ ಹೊಲಿಗೆಯ ಬೆಸುಗೆ ಸಡಿಲಿರುವ ಸಾಧ್ಯತೆ, ಅಪರೂಪವಾದರೂ, ಇದ್ದೇ ಇದೆ. ತಿರುಚಿದೆಯೋ ಇಲ್ಲವೋ ಎಂಬುದು ಜಗಲಿಯಲ್ಲಿ ನಿಂತು ತೀರ್ಮಾನವಾಗುವ ವಿಷಯವಲ್ಲ.

ನನ್ನ ಹೆಂಡತಿ ಟೇಪು ಹಿಡಿದಳು. ಊಟವಿನ್ನೂ ಕೊಟ್ಟಿರಲಿಲ್ಲ, ಆದರೂ 89. ಎಡಗಡೆ ಪಕ್ಕೆಲುಬಿನ ಹಿಂದೆ ಬೆರಳಿನಿಂದ ಬಡಿದರೆ ಬಿಗಿದ ಮದ್ದಳೆಯ ಸದ್ದು. ನಾಡಿ ನೂರಮೂವತ್ತರ ಮೇಲಿತ್ತು. ಒಸಡು ಇನ್ನೂ ಗುಲಾಬಿಯಾಗಿಯೇ ಇತ್ತು. ಮೂರು ಸಂಗತಿಗಳು ಒಂದು ಕಡೆ, ಒಂದು ಇನ್ನೊಂದು ಕಡೆ. ಒಸಡು ಬಿಳಿಚುವುದು ತಡವಾಗಿ ಕಾಣುವ ಲಕ್ಷಣವೆಂದು ಗೊತ್ತಿದ್ದುದರಿಂದ ಅದರ ಮೇಲೆ ಭರವಸೆ ಇಡಲಿಲ್ಲ.

ಹತ್ತಿರದ ಒಂದು ಕ್ಲಿನಿಕ್ಕಿಗೆ ಫೋನು ಮಾಡಿದಾಗ, ಗ್ಯಾಸ್ಟ್ರೋಪೆಕ್ಸಿ ಆದ ನಾಯಿಗೆ ಬ್ಲೋಟ್ (ಹೊಟ್ಟೆಯುಬ್ಬರ) ಆಗುವುದಿಲ್ಲ, ಗ್ಯಾಸಿನ ಸಿರಪ್ ಕೊಟ್ಟು ಬೆಳಿಗ್ಗೆ ಕರೆತನ್ನಿ ಎಂಬ ಉತ್ತರ ಬಂತು. ಈ ತಪ್ಪು ತಿಳುವಳಿಕೆ ಸಾಕಿದವರಲ್ಲಷ್ಟೇ ಇಲ್ಲ ಎಂದು ಆಗ ಅರಿವಾಯಿತು. ವಾದಿಸುವ ಸಮಯ ಅದಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಮಂಗಳೂರಿನ ವೈದ್ಯರಿಗೇ ಫೋನು ಮಾಡಿ ನಾಯಿಯ ತಳಿ, ತೂಕ, ಯಾವಾಗ ಗ್ಯಾಸ್ಟ್ರೋಪೆಕ್ಸಿ ಆಯಿತು, ಸುತ್ತಳತೆ ಎಷ್ಟಿತ್ತು ಎಷ್ಟಾಗಿದೆ, ನಾಡಿ ಎಷ್ಟು ಎಂದು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಹೊತ್ತಿಗೆ ಬರ್ತೀರಿ?" ಅಷ್ಟರಲ್ಲಿ ಎಕ್ಸ್-ರೇ ಕೋಣೆ ತೆರೆಸಿಡುವುದಾಗಿ ಹೇಳಿ ಫೋನಿಟ್ಟರು. ಸಂಖ್ಯೆಗಳನ್ನು ಇಟ್ಟು ಮಾತಾಡಿದರೆ ಫೋನಿನ ಆ ತುದಿಯಲ್ಲಿರುವವರ ದನಿಯೇ ಬದಲಾಗುತ್ತದೆ.

ಕಾಪುವಿನಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವುದು ಹಗಲಿನಲ್ಲಿ ಏನೂ ಅಲ್ಲ. ಮಳೆಯ ಸಂಜೆ ಪಡುಬಿದ್ರಿ ಪೇಟೆ, ಹೆಜಮಾಡಿಯ ಟೋಲ್, ಮೂಲ್ಕಿ, ಸುರತ್ಕಲ್, ಕೊನೆಗೆ ಕೂಳೂರಿನ ಸೇತುವೆಯ ಬಳಿಯ ವಾಹನಗಳ ಸಾಲು, ಒಂದೊಂದೂ ಬೇರೆ ಬೇರೆ ಪರೀಕ್ಷೆ. ಹಿಂದಿನ ಸೀಟು ಮಡಚಿ ಬೊಳ್ಳಿಯನ್ನು ನಿಲ್ಲಲು ಬಿಟ್ಟೆವು. ಅದಕ್ಕೆ ಮಲಗುವುದಕ್ಕಿಂತ ನಿಲ್ಲುವುದೇ ಹಿತವಾಗಿತ್ತು. ನೀರು, ಊಟ ಏನನ್ನೂ ಕೊಡಲಿಲ್ಲ. ನನ್ನ ಹೆಂಡತಿ ಹಿಂದೆ ಕುಳಿತು ಟಾರ್ಚಿನ ಬೆಳಕಿನಲ್ಲಿ ಒಸಡು ನೋಡುತ್ತಾ ಬಂದಳು.

ಚಿಕಿತ್ಸಾಲಯದಲ್ಲಿ ಮೊದಲು ಮುಂಗಾಲುಗಳೆರಡಕ್ಕೂ ಸೂಜಿ ಹಾಕಿ ಡ್ರಿಪ್ ಕೊಟ್ಟರು. ಹಿಂಗಾಲಿಗೆ ಯಾಕೆ ಹಾಕುವುದಿಲ್ಲವೆಂದರೆ, ಒತ್ತಡಕ್ಕೆ ಸಿಕ್ಕಿದ ರಕ್ತನಾಳದ ಆಚೆ ಕೊಟ್ಟ ದ್ರವ ಹೃದಯವನ್ನು ಸರಿಯಾಗಿ ತಲುಪುವುದಿಲ್ಲ. ಆಮೇಲೆ ಬಲಮಗ್ಗುಲಾಗಿ ಮಲಗಿಸಿ ಎಕ್ಸ್-ರೇ. ಜಠರ ತಿರುಚಿದ್ದರೆ ಈ ಭಂಗಿಯ ಚಿತ್ರದಲ್ಲಿ ಗಾಳಿಯ ಎರಡು ಕೋಣೆಗಳೂ ಅವುಗಳ ನಡುವೆ ಬಿಳಿಯ ಗೆರೆಯೊಂದೂ ಕಾಣುತ್ತವೆ. ಕರುಳಿನ ಕಡೆಯ ತುದಿ ಮೇಲೆ, ಬೆನ್ನಿನ ಕಡೆ ಹೋಗಿರುತ್ತದೆ. ಬೊಳ್ಳಿಯ ಚಿತ್ರದಲ್ಲಿ ಒಂದೇ ದೊಡ್ಡ ಕಪ್ಪು ಗುಳ್ಳೆ ಇತ್ತು, ಅದರೊಳಗೆ ಕೆಳಗಡೆ ಹಲಸಿನ ಹಣ್ಣಿನ ಮುದ್ದೆಯ ನೆರಳು. ತುದಿ ಇರಬೇಕಾದಲ್ಲೇ ಇತ್ತು. ಹೊಲಿಗೆ ಹಿಡಿದಿತ್ತು.

ಎಕ್ಸ್-ರೇ ಬೇಡ, ನೇರವಾಗಿ ನಳಿಕೆ ಇಳಿಸಿ ನೋಡಬಹುದಿತ್ತಲ್ಲ ಎಂದು ನಾನು ಕೇಳಿದೆ. ನಳಿಕೆ ಸರಾಗವಾಗಿ ಇಳಿದ ಮಾತ್ರಕ್ಕೆ ತಿರುಚಿಲ್ಲ ಎನ್ನಲಾಗದು, ತಿರುಚಿದ ಜಠರಕ್ಕೂ ಕೆಲವೊಮ್ಮೆ ನಳಿಕೆ ಇಳಿಯುತ್ತದೆ ಎಂದು ವೈದ್ಯರು ಹೇಳಿದರು. ಆಮೇಲೆ ಮೂಗಿನಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಮಾಡಿದ ನಳಿಕೆಯನ್ನು, ಹಲ್ಲುಗಳ ನಡುವೆ ಇಟ್ಟ ಬ್ಯಾಂಡೇಜಿನ ಸುರುಳಿಯ ತೂತಿನ ಮೂಲಕ ನಿಧಾನವಾಗಿ ಇಳಿಸಿದರು. ಗಾಳಿ ಹೊರಟ ಸದ್ದು, ಹುಳಿತ ಹಲಸಿನ ವಾಸನೆ ಒಟ್ಟಿಗೇ ಬಂದವು. ಉಗುರುಬೆಚ್ಚನೆಯ ನೀರು ಹಾಕಿ ಹಾಕಿ ತೊಳೆದರು. ಹೊಟ್ಟೆ ಕಣ್ಣೆದುರೇ ಇಳಿಯಿತು, ನಾಡಿಯೂ. ಹಲಸೇ ಕಾರಣವೇ ಎಂದದ್ದಕ್ಕೆ ಅವರು ಹೌದು ಎನ್ನಲಿಲ್ಲ. ಉಬ್ಬರದ ಗಾಳಿಯಲ್ಲಿ ನುಂಗಿದ್ದೆಷ್ಟು, ಒಳಗೆ ಹುದುಗಿ ಹುಟ್ಟಿದ್ದೆಷ್ಟು ಎಂಬುದರಲ್ಲಿ ತಿಳಿದವರಲ್ಲೇ ಒಮ್ಮತವಿಲ್ಲವಂತೆ. ಅದೇನೇ ಇರಲಿ, ನಮ್ಮ ಹಿತ್ತಿಲಿನ ಮರದ ಸುತ್ತ ಈಗ ಬಲೆ ಇದೆ.

ಅಂದೇ ಮನೆಗೆ ಕಳುಹಿಸಲು ಅವರು ಒಪ್ಪಲಿಲ್ಲ. ಜಠರಕ್ಕೆ ರಕ್ತ ಕಡಿಮೆಯಾಗಿ ಮತ್ತೆ ಹರಿದಾಗ ಹೃದಯದ ಬಡಿತ ಲಯ ತಪ್ಪಬಹುದು, ಅದು ಮೂರು ದಿನಗಳವರೆಗೂ ಕಾಣಿಸಿಕೊಳ್ಳಬಹುದು ಎಂದು ಇ.ಸಿ.ಜಿ. ಹಾಕಿ ರಾತ್ರಿಯಿಡೀ ಗಮನಿಸಿದರು. ಗಾಳಿ ಮತ್ತೆ ತುಂಬಿಕೊಳ್ಳುವ ಭಯವೂ ಇತ್ತು. ಎರಡೂ ಆಗಲಿಲ್ಲ. ಬೆಳಿಗ್ಗೆ ಸ್ಕ್ಯಾನಿಂಗ್ ಮಾಡಿ ಬೆಸುಗೆಯ ಜಾಗ ನೋಡಿದರು. ಗ್ಯಾಸ್ಟ್ರೋಪೆಕ್ಸಿ ಇಲ್ಲದಿದ್ದರೆ ಇದೇ ಉಬ್ಬರದಲ್ಲಿ ಜಠರ ತಿರುಗಿರುತ್ತಿತ್ತೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಹಾಗಾಗಿದ್ದರೆ ಕೂಳೂರಿನ ವಾಹನಗಳ ಸಾಲಿನಲ್ಲಿ ಕಳೆದ ಆ ಹೊತ್ತು ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ. ಶಸ್ತ್ರಚಿಕಿತ್ಸೆ ನಮಗೆ ಕೊಟ್ಟದ್ದು ಸಮಯವನ್ನು.

ಈಗ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಬರಿಹೊಟ್ಟೆಯಲ್ಲಿ ಇಷ್ಟು, ಊಟವಾದ ಮೇಲೆ ಇಷ್ಟು, 85 ದಾಟಿದರೆ ಯಾರನ್ನೂ ಕೇಳದೆ ಕಾರು ಹೊರಡಿಸುವುದು. ಕಾರಿನ ಗ್ಲೋವ್ ಬಾಕ್ಸಿನಲ್ಲಿ ಶಸ್ತ್ರಚಿಕಿತ್ಸೆಯ ವರದಿಯ ಪ್ರತಿ ಇದೆ, ಅದರ ಮೊದಲ ಸಾಲಿನ ಕೆಳಗೆ "ಉಬ್ಬರದ ಸಂಶಯವಿದ್ದರೆ ದಯವಿಟ್ಟು ಎಕ್ಸ್-ರೇ ತೆಗೆಯಿರಿ" ಎಂದು ನಮ್ಮ ವೈದ್ಯರೇ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಕುಂದಾಪುರದಲ್ಲಿ ಮದುವೆಗೆಂದು ನಾವೆಲ್ಲ ಹೋಗಿದ್ದಾಗ ಮನೆಯಲ್ಲಿದ್ದ ಅಕ್ಕನ ಮಗ ಒಂದು ರಾತ್ರಿ, "ಮಾವ, 86 ಉಂಟು, ನಾನು ಹೊರಟೆ," ಎಂದು ಫೋನು ಮಾಡಿದ. ಬೊಳ್ಳಿ ಕೊಡದಷ್ಟು ನೀರು ಕುಡಿದಿತ್ತು, ಅಷ್ಟೇ. ಮೂಲ್ಕಿ ದಾಟುವಾಗ ಕಾರಿನಲ್ಲೇ ದೊಡ್ಡದಾಗಿ ತೇಗಿತಂತೆ. ಅವನು ಆದರೂ ತಿರುಗಿಸದೆ ಮಂಗಳೂರಿಗೇ ಹೋದ, ಎಕ್ಸ್-ರೇ ಆಯಿತು, ದುಡ್ಡೂ ಹೋಯಿತು. ಸುಮ್ಮನೆ ಖರ್ಚಾಯಿತು ಎಂದು ಅವನು ನೊಂದುಕೊಂಡ. ಅಮ್ಮ ಅವನಿಗೆ ನೀರುದೋಸೆ ಮಾಡಿ ಬಡಿಸಿದರು.

ಬಗೆಹರಿಯದೆ ಉಳಿದಿರುವುದು ಒಂದೇ. ಜೋರು ಮಳೆಗೆ ಹೆದ್ದಾರಿಯಲ್ಲಿ ನೀರು ನಿಂತೋ ಮರ ಬಿದ್ದೋ ದಾರಿ ಕಟ್ಟಿದರೆ ಏನು ಮಾಡುವುದು? ಉಡುಪಿಯ ಕಡೆಯ ಇನ್ನೊಬ್ಬ ವೈದ್ಯರನ್ನು ಕಂಡು ಮಾತಾಡಿದ್ದೇವೆ. ಅವರಲ್ಲಿ ಎಕ್ಸ್-ರೇ ಇಲ್ಲ. ಆದರೆ ದಪ್ಪ ಸೂಜಿಯನ್ನು, ಬಡಿದಾಗ ಹೆಚ್ಚು ಪೊಳ್ಳು ಸದ್ದು ಬರುವ ಜಾಗದಲ್ಲಿ ಚುಚ್ಚಿ ಗಾಳಿಯನ್ನು ತಾತ್ಕಾಲಿಕವಾಗಿ ಇಳಿಸುವ ಕ್ರಮ ಅವರಿಗೆ ತಿಳಿದಿದೆ. ದಾರಿ ತೆರೆಯುವ ತನಕ ಡ್ರಿಪ್ ಹಾಕಿ ಇರಿಸಿಕೊಳ್ಳಲೂ ಒಪ್ಪಿದ್ದಾರೆ. ಇದನ್ನು ಮನೆಯಲ್ಲಿ ನಾವೇ ಮಾಡಲು ಕಲಿಯಬಹುದೇ ಎಂದು ಕೇಳಿದ್ದಕ್ಕೆ, ಗುಲ್ಮಕ್ಕೆ ತಗುಲಿದರೆ ರಕ್ತ ನಿಲ್ಲಿಸುವವರು ಯಾರು ಎಂದು ಅವರು ಮರುಪ್ರಶ್ನೆ ಹಾಕಿದರು. ಅವರ ಬಳಿ ಈಗಿರುವ ಸೂಜಿಗಳು ದನಗಳಿಗೆ ಬಳಸುವಂಥವು. 14 ಗೇಜಿನ ಉದ್ದದ ಸೂಜಿಗಳನ್ನು ಮಂಗಳೂರಿನಿಂದ ನಾವೇ ತಂದುಕೊಡುತ್ತೇವೆಂದು ಹೇಳಿ ಬಂದಿದ್ದೇವೆ. ಮಳೆ ಹಿಡಿಯುವುದರೊಳಗೆ ಅದನ್ನು ಮುಟ್ಟಿಸಬೇಕು.